ಒಂಬತ್ತನೇ ಕಂತಿನ ಮೌನ

ಮಂಗಳ ಗ್ರಹದ ಮೇಲೆ ಮೊದಲು ಕಾಲಿಟ್ಟವನು ನಾನು,
ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ ಹದಿಮೂರರಲ್ಲಿ,
ಟೈರ್ ಗೋದಾಮಿನ ಮೇಲಿನ ಮಹಡಿಯಲ್ಲಿ,
ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನೊಳಗೆ,
ಎರಡು ಸೈಜು ದೊಡ್ಡ ಬೂಟು ಹಾಕಿಕೊಂಡು.

ಕಾಲಡಿಗೆ ಗಟ್ಟಿ ಅವಲಕ್ಕಿ, ನಾಲ್ಕು ಕಿಲೊ.
ಮೊದಲು ಮರಳನ್ನೇ ತಂದಿದ್ದೆವು,
ಬಾಗಿಲಾಚೆ ಪುಕ್ಕಟೆ ಬಿದ್ದಿದೆಯಲ್ಲ.
ಆದರೆ ಇಲ್ಲಿಯ ಮರಳು ಬಲು ನುಣುಪು,
ಮೈಕಿನ ಮುಂದೆ ಬಾಯಿ ಬಿಡುವುದಿಲ್ಲ.
ಅವಲಕ್ಕಿಯೋ, ಹೆಜ್ಜೆಗೊಂದು ಚಾಡಿ ಹೇಳುತ್ತದೆ.
ಪರದೆಯ ಮೇಲೆ ಅಮ್ಮಾನಿನ ನಟ, ಬಿಳಿ ಕವಚ, ಭಾರದ ನಡೆ;
ಅವನ ಹಿಮ್ಮಡಿ ಊರಿದಲ್ಲಿ ನನ್ನ ಹಿಮ್ಮಡಿ,
ಅವನು ಎಡವಿದಲ್ಲಿ ನನಗೆ ಉಳುಕು.
ಕೆಲಸ ಮುಗಿದ ಮೇಲೆ ತುಳಿದದ್ದನ್ನೆಲ್ಲ ಟೆರೇಸಿಗೆ ಚೆಲ್ಲಿದೆ.
ಪಾರಿವಾಳಗಳು ಒಂದು ಗ್ರಹದ ನೆಲ ತಿಂದು
ಹಾರಿಹೋದವು.

ಎಂಟು ಕೈಯ ರಾಣಿಗೊಂದು ಭಾಷೆ ಬೇಕು ಎಂದಳು ಲುಬ್ನಾ, ನಿರ್ದೇಶಕಿ.
ಯಾರಿಗೂ ಅರ್ಥವಾಗಬಾರದು, ಸಿಟ್ಟು ಮಾತ್ರ ತಿಳಿಯಬೇಕು.
ಅದು ನನ್ನ ಫೋನಿನಲ್ಲೇ ಇತ್ತು:
ಸಿಲಿಂಡರ್ ಬುಕ್ ಮಾಡಲು ಮರೆತದ್ದಕ್ಕೆ
ಕುಲಶೇಖರದಿಂದ ಲವೀನಾ ಕಳಿಸಿದ ಕೊಂಕಣಿ,
ನಲವತ್ತು ಸೆಕೆಂಡು, ಉಸಿರು ಬಿಡದೆ.
ಮರಿಬೆಲ್ ಅದನ್ನು ಹಿಂದುಮುಂದು ಮಾಡಿ ಪಾತಾಳಕ್ಕಿಳಿಸಿದಳು.
ಒಪ್ಪಿಗೆ ಕೇಳಿದರೆ ನನ್ನಾಕೆ ಕೇಳಿದ್ದು ಒಂದೇ ಮಾತು,
ರಾಣಿಗೆ ಸಂಬಳ ಎಷ್ಟು?

ನೌಕೆಯ ಇಂಜಿನ್ನಿಗೆ ಅಷ್ಟು ದೂರವೂ ಹೋಗಲಿಲ್ಲ.
ರೋಲಾದ ನಮ್ಮ ರೂಮಿನ ಏಸಿ,
ಆರು ಮಂಚ, ಒಂದು ಕಿಟಕಿ, ಅದರಲ್ಲಿ ನೆಗಡಿಯಾದ ಆ ಡಬ್ಬ.
ತಲೆದಿಂಬಿನ ಮೇಲೆ ಮೈಕಿಟ್ಟು ಒಂದಿರುಳು ಹಿಡಿದೆ,
ನಾಲ್ಕು ಪಟ್ಟು ನಿಧಾನ ಮಾಡಿದೆ.
ಏಳುನೂರು ಜನರನ್ನು ಹೊತ್ತು ಅದು ಶನಿಯನ್ನು ದಾಟಿತು.

ಕಷ್ಟವಾದದ್ದು ಒಂಬತ್ತನೇ ಕಂತು.
ಅವನು ಬಾಗಿಲು ತೆರೆದು ಹೊರಗೆ ತೇಲುತ್ತಾನೆ,
ಶೂನ್ಯದಲ್ಲಿ ಸದ್ದಿಲ್ಲ, ಹನ್ನೊಂದು ಸೆಕೆಂಡು.
ಬರೀ ಸೊನ್ನೆ ಹಾಕಿದರೆ ಜನ ಟೀವಿ ಕೆಟ್ಟಿತೆಂದು ರಿಮೋಟ್ ಬಡಿಯುತ್ತಾರೆ.
ಮೌನವನ್ನೂ ರೆಕಾರ್ಡ್ ಮಾಡಬೇಕು.
ಆಗಸ್ಟು. ಏಸಿ ನಿಲ್ಲಿಸಿದೆವು, ಫ್ರಿಜ್ಜಿನ ವೈರು ಕಿತ್ತೆವು,
ವಾಚ್‌ಮನ್‌ಗೆ ಹತ್ತು ದಿರ್ಹಮ್ ಕೊಟ್ಟು ಲಿಫ್ಟನ್ನೂ ಮಲಗಿಸಿದೆವು.
ಆದರೂ ಯಾವುದೋ ಲಾರಿ ಹಿಂದೆ ಹಿಂದೆ ಬರುತ್ತ ಕೂಗಿಕೊಳ್ಳುತ್ತಲೇ ಇತ್ತು.
ಮೂರು ಗಂಟೆ ದಾಟಿ, ಬೆಳಗಿನ ಬಾಂಗಿಗೆ ಮುನ್ನ,
ಒಂದು ಬಿರುಕು ಸಿಕ್ಕಿತು.
ಲುಬ್ನಾ, ಮರಿಬೆಲ್, ನಾನು,
ಬೆವರು ಕಾರ್ಪೆಟ್ಟಿಗೆ ಬೀಳದಂತೆ ಗಲ್ಲಕ್ಕೆ ಕರ್ಚೀಫು ಒತ್ತಿ
ಉಸಿರು ಹಿಡಿದು ಕೂತೆವು.
ಹತ್ತನೇ ಸೆಕೆಂಡಿಗೆ ನನ್ನ ಹೊಟ್ಟೆ ಮಾತಾಡಿತು.
ಲುಬ್ನಾ ಹೆಡ್‌ಫೋನ್ ತೆಗೆದಳು, ಇರಲಿ ಬಿಡು ಅಂದಳು.

ಪ್ರಸಾರವಾದದ್ದು ರಂಜಾನಿನಲ್ಲಿ, ಇಫ್ತಾರ್ ಮುಗಿದ ಮೇಲೆ.
ರೂಮಿನ ಆರೂ ಜನ ಒಂದೇ ಟೀವಿಯ ಮುಂದೆ.
ಮೌನ ಬಂತು, ಹೋಯಿತು,
ಏಸಿಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.
ನೌಕೆ ಮತ್ತೆ ಹೊರಟಾಗ ಮಾತ್ರ ಪೊಡಿಯಬ್ಬ,
ಉಪ್ಪಿನಂಗಡಿಯವನು, ಏಸಿ ಮೆಕ್ಯಾನಿಕ್ಕು,
ಸಮೋಸ ಕೆಳಗಿಟ್ಟು ಪರದೆ ನೋಡಿದ, ಗೋಡೆ ನೋಡಿದ.
"ಇದು ನಮ್ಮದೇ ಅಲ್ವಾ ಮಾರಾಯ? ಬೇರಿಂಗ್ ಹೋಗಿದೆ."

ಮರು ಶುಕ್ರವಾರ ಸ್ಟೂಲು ಹತ್ತಿ ಬಿಚ್ಚಿದ, ಹೊಸತು ಕೂರಿಸಿದ.
ಊರವರ ಮನೆ ಏಸಿಯೆಲ್ಲ ರಿಪೇರಿ ಮಾಡುವವನಿಗೆ
ತನ್ನ ರೂಮಿನದು ಅಲ್ಲಿಯವರೆಗೆ ಕೇಳಿಸಿರಲೇ ಇಲ್ಲ.

ಈಗ ಎರಡನೇ ಸೀಸನ್ನು. ಅದೇ ಇಂಜಿನ್ ಬೇಕು,
ಇನ್ನಷ್ಟು ಮುದಿಯಾಗಿ, ಎಂದಿದ್ದಾಳೆ ಲುಬ್ನಾ.
ಹಳೆಯ ಬೇರಿಂಗ್ ಎಸೆದೆಯೇನೋ ಎಂದೆ ಪೊಡಿಯಬ್ಬನಿಗೆ.
ಮಂಚದಡಿಯ ಟ್ರಂಕಿನಿಂದ, ಪಾಸ್‌ಪೋರ್ಟಿನ ಚೀಲದ ಪಕ್ಕದಿಂದ
ಕಾಗದ ಸುತ್ತಿದ್ದ ಬಳೆಯಂಥದ್ದನ್ನು ತೆಗೆದು
ಬೆರಳಿಗೆ ಸಿಕ್ಕಿಸಿ ಒಮ್ಮೆ ತಿರುಗಿಸಿದ.

ಶನಿಯಾಚೆ ಎಲ್ಲೋ ಏನೋ ಹೊರಟಿತು.
ನನ್ನ ಮೈಕು ಇನ್ನೂ ಚೀಲದೊಳಗೇ ಇತ್ತು.